ಆದಿದಂಪತಿಗಳೂ ಅಪವಾದವೂ

ಮನುಷ್ಯಕುಲದ ಮೊದಲ ತಾಯಿತಂದೆಗಳು ಯಾರೆಂಬ ಪ್ರಶ್ನೆಯು ಸಕಲ ದೇಶಗಳ ಜನರನ್ನೂ ಚಿಂತನೆಗೆ ಹಚ್ಚಿರುವುದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಇದಕ್ಕೆ ಮೂರು ಉತ್ತರಗಳು ದೊರೆಯುವುವು. ಪುರಾಣಶ್ರವಣ ಮಾಡಿದವರು ಸ್ವಾಯಂಭುವ ಮನುವನ್ನೂ ಶತರೂಪೆಯನ್ನೂ ಹೆಸರಿಸುವರು. ಕ್ರೈಸ್ತರೂ ಮುಸಲ್ಮಾನರೂ ಆದಾಮನನ್ನೂ ಹವ್ವಳನ್ನೂ ಸ್ಮರಿಸುವರು. 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ತಿಬೇಟಿನ ಜನರು ತಪಸ್ವಿಯಾದ ಒಂದು ವಾನರನಿಗೂ ಬಂಡೆಯ ರಕ್ಕಸಿಗೂ ತಮ್ಮ ಜನಾಂಗವು ಹುಟ್ಟಿತೆನ್ನುವರು. ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನ ಮೂವರೂ ಉಂಟು. ಆದುದರಿಂದ ಅವರ ಒಂದೇ ಕುಲದೊಳಗೆ ಇಬ್ಬಗೆಯ ಕಥೆಗಳು ಬಾಳಿಕೊಂಡಿವೆ.

ಭಾಷೆಯನ್ನು ನೋಡೋಣ. ಮನುವಿನ ಸಂತತಿಯವನು ಮಾನವ. ಹಾಗೆಯೇ ಹಳಿಯಾಳದ ಪೇಟೆಯಲ್ಲಿ ಉರ್ದು ಬಲ್ಲವರ ಬಾಯಲ್ಲಿ ಕೇಳಿಬರುವ 'ಆದ್ಮಿ' ಎಂಬ ಶಬ್ದಕ್ಕೆ ಆದಾಮನ ಸಂತತಿಯವನೆಂದೇ ಅರ್ಥ. ಹೀಬ್ರೂ ಭಾಷೆಯಲ್ಲಿ ಆದಾಮನ ಹೆಸರಿಗೆ ಮಣ್ಣಿನೊಡನೆಯೂ ಹವ್ವಳ ಹೆಸರಿಗೆ ಜೀವದೊಡನೆಯೂ ಸಂಬಂಧವುಂಟು. ಆದರೆ ಶತರೂಪೆಯಿಂದಾಗಲಿ ಹವ್ವಳಿಂದಾಗಲಿ ಮನುಷ್ಯನಿಗೆ ಹೆಸರು ಬರಲಿಲ್ಲ. ಹೆಸರು ತಂದೆಗೆ ಸಂದಿತು. ಹವ್ವಳ ಪಾಲಿಗೆ ಉಳಿದದ್ದು ಅಪವಾದ.

ಆಕೆ ಹಾವಿನ ಮಾತಿಗೆ ಮರುಳಾಗಿ ನಿಷಿದ್ಧ ಫಲವನ್ನು ತಿಂದು, ಗಂಡನಿಗೂ ತಿನ್ನಿಸಿ, ಏದೆನ್ ತೋಟವನ್ನು ಕಳೆದಳೆಂಬುದು ಲೋಕದ ಮಾತು. ಚಿತ್ರಪಟ, ಚಲಚ್ಚಿತ್ರ, ಜಾಹೀರಾತುಗಳಲ್ಲಿ ಹೆಣ್ಣು, ಹಾವು, ಕೆಂಪು ಸೇಬು ಈ ಮೂರೂ ಕೂಡಿಯೇ ಬರುವುವು. ಮೂಲಗ್ರಂಥದಲ್ಲಿಯಾದರೋ ಸೇಬಿನ ಹೆಸರೇ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೇಬಿಗೂ ಕೇಡಿಗೂ ಇರುವ ಶಬ್ದಗಳ ಅಕ್ಷರಗಳು ಒಂದೇ ಆದುದು ಈ ಕಲ್ಪನೆಗೆ ಇಂಬಾಯಿತೆಂದು ಪಂಡಿತರು ಹೇಳುವರು. ಇದಕ್ಕಿಂತಲೂ ಮುಖ್ಯವಾದುದೇನೆಂದರೆ, ಹವ್ವಳು ಹಣ್ಣನ್ನು ಕೊಟ್ಟಾಗ ಗಂಡನು ಆಕೆಯ ಜೊತೆಗೇ ಇದ್ದನೆಂದು ಹೀಬ್ರೂ ಮೂಲವು ಹೇಳುವುದು. ದೇವರು ಕೇಳಿದಾಗ ಅವನು ಹೆಂಡತಿಯತ್ತ ಬೆರಳು ತೋರಿದನು. ಆಕೆ ಹಾವಿನತ್ತ ತೋರಿದಳು.

ದೊಡ್ಡ ಕಲಾವಿದರು ಇದನ್ನು ಕಾಣದಿರಲಿಲ್ಲ. ಮೈಕೆಲೇಂಜಲೋ 1508ರಿಂದ 1512ರ ವರೆಗೆ ರೋಮಿನ ಸಿಸ್ಟೈನ್ ಪ್ರಾರ್ಥನಾಮಂದಿರದ ಮೇಲ್ಛಾವಣಿಯಲ್ಲಿ ಬರೆದ ಚಿತ್ರದಲ್ಲಿ ಆದಾಮನು ತಾನೇ ಮರಕ್ಕೆ ಕೈಚಾಚಿರುವನು. ಸುಮಾರು 1425ರಲ್ಲಿ ಫ್ಲಾರೆನ್ಸಿನಲ್ಲಿ ಮಸಾಚಿಯೋ ಬರೆದ ಭಿತ್ತಿಚಿತ್ರದಲ್ಲಿ ಅವನು ಮುಖ ಮುಚ್ಚಿಕೊಂಡು ನಡೆಯುವನು, ಆಕೆ ಬಾಯ್ತೆರೆದು ಗೋಳಿಡುವಳು. ದುಃಖದಲ್ಲಿ ಇಬ್ಬರೂ ಸಮಭಾಗಿಗಳು.

ಈ ಕಥೆಯು ನಮ್ಮ ನೆರೆಯಲ್ಲಿಯೇ ದೇಶೀಯ ವೇಷ ತೊಟ್ಟಿತು. ಜೋಯಿಡಾದ ಗಡಿಗೆ ಹೊಂದಿದ ಗೋವೆಗೆ 1579ರಲ್ಲಿ ಬಂದ ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಪಾದ್ರಿಯು, ಕೊಂಕಣಿ ಬೆರೆತ ಮರಾಠಿಯಲ್ಲಿ 'ಕ್ರಿಸ್ತಪುರಾಣ'ವನ್ನು ರಚಿಸಿದನು. ಅದು 1616ರಲ್ಲಿ ಮುದ್ರಿತವಾಯಿತು. ಸೃಷ್ಟಿಯ ಕಥೆಯನ್ನೂ ಆದಿದಂಪತಿಗಳ ಕಥೆಯನ್ನೂ ಆತನು ಹೇಳಿದುದು ಜ್ಞಾನೇಶ್ವರರ ಓವಿಯ ಧಾಟಿಯಲ್ಲಿ! ಇಡೀ ಗ್ರಂಥದಲ್ಲಿ ಸುಮಾರು 11,000 ಓವಿಗಳುಂಟು. 1907ರಲ್ಲಿ ಅದು ಮಂಗಳೂರಿನಲ್ಲಿ ಮರುಮುದ್ರಣಗೊಂಡಿತು.

ಖುರಾನಿನಲ್ಲಿಯೂ ಇಬ್ಬರು ಕೂಡಿಯೇ ತಪ್ಪಿದರು, ಕೂಡಿಯೇ ಕ್ಷಮೆ ಬೇಡಿದರು. ತಿಬೇಟಿನ ಕಥೆಯಲ್ಲಿ ರಕ್ಕಸಿಯೇ ವಾನರನನ್ನು ವರಿಸಬಯಸಿದಳು; ಅವನು ಅವಲೋಕಿತೇಶ್ವರನ ಅನುಮತಿ ಪಡೆದು ಆಕೆಯ ಕೈಹಿಡಿದನು. ಅಲ್ಲಿ ಹೆಣ್ಣಿನ ಬಯಕೆಯು ಪತನಕ್ಕೆ ಕಾರಣವಾಗದೆ ಒಂದು ಜನಾಂಗದ ಉದಯಕ್ಕೆ ಕಾರಣವಾಯಿತು.

ನಮ್ಮ ಗೃಹಗಳಲ್ಲಿ ನಡೆಯುವುದೇನು? ವ್ಯಾಪಾರ ಮುಳುಗಿದರೆ ಹೊಸ ಸೊಸೆಯ ಕಾಲ್ಗುಣ. ಮಗನು ಕೆಟ್ಟರೆ ತಾಯಿಯ ಮುದ್ದು. ಹವ್ವಳ ಮೇಲಿನ ಅಪವಾದಕ್ಕೂ ಇದಕ್ಕೂ ಭೇದವು ನಮಗೆ ಕಾಣದು. ಸಂಸ್ಕೃತದ 'ದಂಪತಿ' ಎಂಬ ಶಬ್ದವು ಗಂಡಹೆಂಡಿರಿಬ್ಬರನ್ನೂ ಕೂಡಿಯೇ ಹೇಳುವುದು. 1667ರಲ್ಲಿ ಪ್ರಕಟವಾದ ಮಿಲ್ಟನ್ ಕವಿಯ ಮಹಾಕಾವ್ಯದ ಕಡೆಯಲ್ಲಿ ಆ ಇಬ್ಬರೂ ಕೈ ಕೈ ಹಿಡಿದು ತೋಟದಿಂದ ಹೊರಡುವರು. ಕಳೆದುಕೊಂಡ ಮೇಲೆಯೂ ಹಿಡಿದ ಕೈಯನ್ನು ಬಿಡದಿರುವುದೇ ಸಂಸಾರವೆಂದು ನಾವು ತಿಳಿಯುವೆವು.