ಪಾರ್ಲಿಮೆಂಟು ಕೊಟ್ಟ ವರ, ಕಡತ ಕೊಡದ ವರ

ಶಹಾಪುರದಿಂದ ಸುರಪುರಕ್ಕೆ ಹೊರಟಿದ್ದೆವು. ನಮ್ಮ ಕ್ಯಾಮೆರಾ ಹುಡುಗನಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಶಾಟ್ ಬೇಕಿತ್ತು. ಅವನು ಸ್ಟ್ಯಾಂಡ್ ಹಾಕಿ ನಿಲ್ಲಿಸುವಷ್ಟರಲ್ಲಿ ನಾನು ರಸ್ತೆ ಪಕ್ಕದ ಚಹಾದಂಗಡಿಗೆ ಹೋದೆ. ಅಲ್ಲಿ ಐವತ್ತು ದಾಟಿದ ರೈತರೊಬ್ಬರು ಗುರುತು ಹಿಡಿದರು. ಅವರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ.

"ಟಿವ್ಯಾಗ ಬರೋರು ನೀವೇ ಅಲ್ರಿ ಸರ? ಒಂದ್ ಮಾತ್ ಹೇಳ್ರಿ. ನಮ್ಮಪ್ಪ ತಳವಾರ, ನಮ್ಮಜ್ಜ ತಳವಾರ. ದಿಲ್ಲ್ಯಾಗ ತಳವಾರ್ರಿಗಿ ಎಸ್‌ಟಿ ಅಂತ ಕಾಯ್ದೆ ಆಗ್ಯಾದ. ಮತ್ತ ನನ್ನ ಮಗಳಿಗಿ ಸರ್ಟಿಫಿಕೇಟ್ ಯಾಕ ಕೊಡವಲ್ರು?"

ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು ಮಂತ್ರಿಗಳಿಗೆ ಪ್ರಶ್ನೆ ಕೇಳೋ ನನಗೆ ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸಂಜೆ ಸುರಪುರದಲ್ಲಿ ವಾಲ್ಮೀಕಿ ಸಮಾಜದ ಹಿರಿಯರೊಬ್ಬರು ಸಿಕ್ಕರು. ಅವರದು ಇದಕ್ಕೆ ಪೂರ್ತಿ ತಿರುಗಾ ಪ್ರಶ್ನೆ. "ಹೆಸರು ಒಂದೇ ಅಂತ ಯಾರ್ ಬೇಕಾದವ್ರು ನಮ್ಮ ತಾಟಿನ್ಯಾಗ ಕೈ ಹಾಕಿದ್ರ ನಮ್ಮ ಮಕ್ಕಳು ಏನ್ ತಿನ್ಬೇಕ್ರಿ?"

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಇಬ್ಬರ ಸಿಟ್ಟೂ ಕಣ್ಣಿಗೆ ಕಾಣುವ ಕಚೇರಿಯ ಮೇಲೆ, ಇಲ್ಲಾ ಪಕ್ಕದ ಮನೆಯವರ ಮೇಲೆ. ಆದರೆ ಈ ಗಂಟು ಬಿದ್ದದ್ದು ಇಲ್ಲಿ ಅಲ್ಲ. ಅದು ಬಿದ್ದದ್ದು ದೆಹಲಿಯ ಕಡತದಲ್ಲಿ. ಹೇಗೆ ಅಂತ ನೋಡೋಣ ಬನ್ನಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡ್ತೀನಿ. ಯಾವ ಜಾತಿ ಪರಿಶಿಷ್ಟ ಪಂಗಡ ಅಂತ ಹೇಳುವ ಅಧಿಕಾರ ತಹಶೀಲ್ದಾರರಿಗಿಲ್ಲ, ಜಿಲ್ಲಾಧಿಕಾರಿಗಿಲ್ಲ, ನಮ್ಮ ಮುಖ್ಯಮಂತ್ರಿಗೂ ಇಲ್ಲ. ಸಂವಿಧಾನದ 342ನೇ ವಿಧಿ ಪ್ರಕಾರ ರಾಷ್ಟ್ರಪತಿ ಒಂದು ಪಟ್ಟಿ ಹೊರಡಿಸುತ್ತಾರೆ. ಆ ಪಟ್ಟಿಗೆ ಒಂದು ಹೆಸರು ಸೇರಿಸಬೇಕಾದರೂ ತೆಗೆಯಬೇಕಾದರೂ ಸಂಸತ್ತು ಕಾಯ್ದೆ ಮಾಡಬೇಕು. ಕೋರ್ಟು ಕೂಡ ಅದರಲ್ಲಿ ಕೈ ಆಡಿಸುವಂತಿಲ್ಲ. ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಓದಬೇಕು ಎಂದು 2000ದಲ್ಲಿ ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಡಾಖಂಡಿತ ಹೇಳಿದೆ.

ಹಂಗಾದ್ರೆ ಸಂಸತ್ತೇ ದೊಡ್ಡದು ಅಂತೀರಾ? ಕಾಗದದ ಮೇಲೆ ಹೌದು. ಆದರೆ ಸಂಸತ್ತಿನ ಮುಂದೆ ಮಸೂದೆ ಬರುವ ಮೊದಲು ಕಡತ ಒಂದು ಯಾತ್ರೆ ಮಾಡಬೇಕು. ಆ ಯಾತ್ರೆಯ ದಾರಿ ಸಂವಿಧಾನದಲ್ಲಿ ಬರೆದಿಲ್ಲ. ಕೇಂದ್ರ ಸರ್ಕಾರ ತಾನೇ ಮಾಡಿಕೊಂಡ ಕಾರ್ಯವಿಧಾನ ಅದು. 1999ರಲ್ಲಿ ಮಾಡಿದರು, 2002ರಲ್ಲಿ ತಿದ್ದಿದರು.

ದಾರಿ ಹೀಗಿದೆ. ರಾಜ್ಯ ಸರ್ಕಾರ ಮೊದಲು ಕುಲಶಾಸ್ತ್ರೀಯ ಅಧ್ಯಯನ ಮಾಡಿಸಬೇಕು. ನಮ್ಮಲ್ಲಿ ಇಂಥ ಕೆಲಸಕ್ಕೆ ಮೈಸೂರಿನಲ್ಲಿ ಬುಡಕಟ್ಟು ಸಂಶೋಧನಾ ಸಂಸ್ಥೆ ಇದೆ. ವರದಿಯ ಜೊತೆ ಶಿಫಾರಸು ದೆಹಲಿಯ ಬುಡಕಟ್ಟು ವ್ಯವಹಾರಗಳ ಸಚಿವಾಲಯಕ್ಕೆ ಹೋಗುತ್ತದೆ. ಸಚಿವಾಲಯ ಅದನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಗೆ ಕಳಿಸುತ್ತದೆ. ಗೊತ್ತಲ್ಲ, ಗೃಹ ಇಲಾಖೆಯ ಕೆಳಗೆ ಜನಗಣತಿ ಮಾಡುವ ಕಚೇರಿ ಅದು. ಅವರು ಹೂಂ ಅಂದರೆ ಕಡತ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ. ಆಯೋಗವೂ ಹೂಂ ಅಂದರೆ ಕೇಂದ್ರ ಸಂಪುಟಕ್ಕೆ. ಆಮೇಲೆ ಮಸೂದೆ, ಎರಡೂ ಸದನ, ರಾಷ್ಟ್ರಪತಿ ಅಂಕಿತ.

ರಿಜಿಸ್ಟ್ರಾರ್ ಜನರಲ್ ಊಹೂಂ ಅಂದರೆ? ಕಡತ ವಾಪಸ್ ಬೆಂಗಳೂರಿಗೆ. ಮತ್ತಷ್ಟು ಸಮರ್ಥನೆ ಕೊಡಿ ಅಂತ ಪತ್ರ. ಎರಡನೇ ಸಲವೂ ಊಹೂಂ ಅಂದರೆ ಪ್ರಸ್ತಾವವನ್ನೇ ತಿರಸ್ಕರಿಸಬಹುದು. ಜನಗಣತಿ ಕಚೇರಿಯ ಅಧಿಕಾರಿಗಳು ಚುನಾವಣೆಗೆ ನಿಂತವರಲ್ಲ. ಅವರ ಹೆಸರು ಯಾದಗಿರಿಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಅವರು ಹೂಂ ಅನ್ನದೆ ಲೋಕಸಭೆಯಲ್ಲಿ ಮಸೂದೆ ಮಂಡನೆ ಆಗೋದೇ ಕಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಪೂಜಾರಿ ಬಾಗಿಲು ತೆಗೆದರೆ ಮಾತ್ರ ದೇವರ ದರ್ಶನ.

ಈ ಪೂಜಾರಿ ಕೈಯಲ್ಲಿರುವ ಅಳತೆಗೋಲು ಯಾವುದು? 1965ರ ಲೋಕೂರ್ ಸಮಿತಿಯ ಐದು ಲಕ್ಷಣ. ಆದಿಮ ಗುಣ, ವಿಶಿಷ್ಟ ಸಂಸ್ಕೃತಿ, ದೂರದ ದುರ್ಗಮ ವಾಸ, ಹೊರಗಿನವರ ಜೊತೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. 2014ರಲ್ಲಿ ಬುಡಕಟ್ಟು ಸಚಿವಾಲಯದ ಕಾರ್ಯದರ್ಶಿ ಹೃಷಿಕೇಶ್ ಪಾಂಡಾ ನೇತೃತ್ವದ ಕಾರ್ಯಪಡೆಯೇ ಈ ಲಕ್ಷಣಗಳು ಇಂದಿಗೆ ಹೊಂದುವುದಿಲ್ಲ ಎಂಬರ್ಥದ ವರದಿ ಕೊಟ್ಟಿತು. ಆದರೂ ಅಳತೆಗೋಲು ಅದೇ ಉಳಿಯಿತು.

ಈ ಗೋಲನ್ನು ಸುರಪುರಕ್ಕೆ ತಂದು ಹಿಡಿದು ನೋಡಿ. ಇದು ಬೇಡ ನಾಯಕರ ಸಂಸ್ಥಾನ. ಇಲ್ಲಿಯ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದವನು. ಕೋಟೆ ಕಟ್ಟಿದವರಿಗೆ, ದಂಡು ಆಳಿದವರಿಗೆ 'ಬೆರೆಯಲು ಸಂಕೋಚ' ಅಂತ ಬರೆಯೋದು ಹೇಗೆ? ಆದರೆ ಅರಮನೆಯ ಹೊರಗೆ ಕಂಡವರ ಹೊಲದಲ್ಲಿ ದುಡಿದ ಸಾವಿರಾರು ಬೇಡ ಕುಟುಂಬಗಳ ಬಡತನ ಸುಳ್ಳಲ್ಲ. 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಗುಲ್ಬರ್ಗ, ಬೀದರ್, ರಾಯಚೂರು ನಮ್ಮ ಕಡೆ ಬಂದಾಗ ಈ ಭಾಗಕ್ಕೇ ಬೇರೆ ಪಟ್ಟಿ ಇತ್ತು. ಅದರಲ್ಲಿ ಗೊಂಡ, ಕೋಯ, ಚೆಂಚು ಇದ್ದರು, ಬೇಡ ಎಂಬ ಹೆಸರಿರಲಿಲ್ಲ. 1991ರಲ್ಲಿ ನಾಯಕ ಎಂಬ ನಮೂದಿಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಪರ್ಯಾಯ ಹೆಸರುಗಳು ಸೇರಿದವು.

ಕೆಲವು ಪದ ಸೇರಿದ್ದಕ್ಕೆ ಏನೇನಾಯಿತು ನೋಡಿ. ಸೀಟು ಬಂತು, ನೌಕರಿ ಬಂತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸುರಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಸುರಪುರ, ಶಹಾಪುರ, ಯಾದಗಿರಿ ಮೂರೂ ಸೇರುವ ರಾಯಚೂರು ಲೋಕಸಭಾ ಕ್ಷೇತ್ರವೂ ಮೀಸಲಾಯಿತು. ಯಾರು ಎಂಎಲ್‌ಎ ಆಗಬಹುದು, ಯಾರು ಎಂಪಿ ಆಗಬಹುದು ಅನ್ನುವ ಲೆಕ್ಕಕ್ಕೂ ಆ ಪಟ್ಟಿಯೇ ಅಡಿಪಾಯ.

ಈಗ ತಳವಾರರ ಕಥೆಗೆ ಬರೋಣ. 2019ರ ಡಿಸೆಂಬರ್‌ನಲ್ಲಿ ಸಚಿವ ಅರ್ಜುನ್ ಮುಂಡಾ ರಾಜ್ಯಸಭೆಯಲ್ಲಿ ಮಸೂದೆ ಮಂಡಿಸಿದರು. 2020ರಲ್ಲಿ ಕಾಯ್ದೆ ಆಯಿತು. ಅದರಲ್ಲಿ ಎರಡು ಕೆಲಸ ಇತ್ತು. ಒಂದು, ಅಲ್ಲಿಯವರೆಗೆ ಉತ್ತರ ಕನ್ನಡದಲ್ಲಿ ಮಾತ್ರ ಪರಿಶಿಷ್ಟ ಪಂಗಡವಾಗಿದ್ದ ಸಿದ್ದಿಗಳನ್ನು ಧಾರವಾಡ, ಬೆಳಗಾವಿಯಲ್ಲೂ ಒಪ್ಪಿಕೊಂಡರು. ಯಾರು ಏನು ಅನ್ನುವುದು ಸ್ಪಷ್ಟ, ಜಗಳ ಆಗಲಿಲ್ಲ. ಎರಡನೆಯದು, ನಾಯಕ ನಮೂದಿಗೆ 'ಪರಿವಾರ' ಮತ್ತು 'ತಳವಾರ' ಎಂಬ ಎರಡು ಪದ ಸೇರಿಸಿದರು.

ತಳವಾರ ಅಂದರೆ ಯಾರು? ನಮ್ಮ ಹಳ್ಳಿಗಳಲ್ಲಿ ಅದು ಊರು ಕಾಯುವ ಕೆಲಸದ ಹೆಸರು. ಒಂದೂರಲ್ಲಿ ನಾಯಕರ ಮನೆತನ ತಳವಾರಿಕೆ ಮಾಡಿದೆ, ಇನ್ನೊಂದೂರಲ್ಲಿ ಕಬ್ಬಲಿಗರ, ಅಂಬಿಗರ ಮನೆತನ ಮಾಡಿದೆ. ಎಲ್ಲರ ಅಡ್ಡಹೆಸರೂ ತಳವಾರ. ದೆಹಲಿಯಲ್ಲಿ ಕೂತವರಿಗೆ ಅದು 'ನಾಯಕ'ಕ್ಕೆ ಪರ್ಯಾಯ ಪದ. ಕಲಬುರಗಿ, ವಿಜಯಪುರ, ಯಾದಗಿರಿಯಲ್ಲಿ ಅದು ಎರಡು ಸಮಾಜಗಳ ನಡುವಿನ ಜಗಳ. ನಾವು ಪಟ್ಟಿಯಲ್ಲಿದ್ದೇವೆ ಅಂತ ಇವರು, ನಮ್ಮ ತಳವಾರರು ಮಾತ್ರ ಅಂತ ಅವರು. ಮೆರವಣಿಗೆ, ಧರಣಿ, ಮನವಿಪತ್ರ ಎಲ್ಲಾ ಆಯಿತು.

ಸಂಸತ್ತು ಪದ ಕೊಟ್ಟಿತು, ಅರ್ಥ ಕೊಡಲಿಲ್ಲ. ಅರ್ಥ ಹೇಳುವ ಕೆಲಸ ಯಾರ ತಲೆಗೆ ಬಂತು? ತಾಲ್ಲೂಕು ಕಚೇರಿಯ ಮೇಜಿಗೆ. ತಹಶೀಲ್ದಾರರು ಕೊಟ್ಟರೆ ತಪ್ಪು ಜಾತಿ ಪ್ರಮಾಣಪತ್ರ ಕೊಟ್ಟಿರಿ ಅಂತ ದೂರು, ಕೊಡದಿದ್ದರೆ ಕಾಯ್ದೆ ಮೀರಿದಿರಿ ಅಂತ ದೂರು. ಕೊಟ್ಟ ಮೇಲೂ ಮುಗಿಯಲಿಲ್ಲ. ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ಇದೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ವಿಚಾರಣೆ ಇದೆ. ಇಂಥ ಹೊತ್ತಲ್ಲಿ ಯಾವ ಅಧಿಕಾರಿಯಾದರೂ ಮಾಡುವ ಮೊದಲ ಕೆಲಸ ಏನು ಹೇಳಿ? ಮೇಲಿನವರಿಗೆ ಪತ್ರ ಬರೆದು ಸ್ಪಷ್ಟೀಕರಣ ಕೇಳೋದು. ಪತ್ರ ಮೇಲೆ ಹೋಗುತ್ತೆ, ಇನ್ನೂ ಮೇಲೆ ಹೋಗುತ್ತೆ. ಕೆಳಗೆ ಹುಡುಗಿಯ ಕೌನ್ಸೆಲಿಂಗ್ ದಿನಾಂಕ ದಾಟಿ ಹೋಗುತ್ತೆ.

ಪಾಲಿನ ಗಾತ್ರ ಹೆಚ್ಚಿದ ಮೇಲೆ ಜಗಳವೂ ಹೆಚ್ಚಿತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ವರದಿಯ ನಂತರ 2022ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಶೇ 3ರಿಂದ ಶೇ 7ಕ್ಕೆ ಏರಿತು. ಸುರಪುರದ ಹಿರಿಯರ ಆತಂಕವನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡಿ. ಹಾಗೇ ಕೋಲಿ, ಕಬ್ಬಲಿಗರ ಬೇಡಿಕೆಯನ್ನೂ ದುರಾಸೆ ಅನ್ನಬೇಡಿ. ಪಕ್ಕದ ಮಹಾರಾಷ್ಟ್ರದಲ್ಲಿ ಮಹಾದೇವ ಕೋಳಿಗಳು ಪರಿಶಿಷ್ಟ ಪಂಗಡ. ಗಡಿಯ ಈಚೆ ನಮ್ಮವರ ಪ್ರಸ್ತಾವ ದೆಹಲಿಗೆ ಹೋಗುತ್ತದೆ, ಪ್ರಶ್ನೆ ಹೊತ್ತು ತಿರುಗಿ ಬರುತ್ತದೆ. ಬೀದರ್, ಕಲಬುರಗಿ, ಯಾದಗಿರಿಯ ಕುರುಬರನ್ನು ಗೊಂಡರ ಪರ್ಯಾಯವಾಗಿ ಸೇರಿಸಬೇಕೆಂಬ ಕಡತಕ್ಕೂ ಇದೇ ಓಡಾಟ. ಪ್ರತಿ ಚುನಾವಣೆಯಲ್ಲಿ ಎಲ್ಲ ಪಕ್ಷದವರೂ ಬಂದು 'ಮಾಡಿಸಿಕೊಡ್ತೀವಿ' ಅಂತಾರೆ. ಕಡತ ಯಾವ ಮೇಜಿನ ಮೇಲೆ, ಯಾವ ಆಕ್ಷೇಪಕ್ಕೆ ನಿಂತಿದೆ ಅಂತ ಒಬ್ಬರೂ ಹೇಳಲ್ಲ.

ಇದು ಜಾತಿಪಟ್ಟಿಗೆ ಮಾತ್ರ ಸೀಮಿತ ಅಂದುಕೊಂಡಿರಾ? 2018ರಲ್ಲಿ ನೀತಿ ಆಯೋಗ ಯಾದಗಿರಿ, ರಾಯಚೂರನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಅಲ್ಲೂ ಅಳತೆಗೋಲು ದೆಹಲಿಯದೇ. 49 ಸೂಚ್ಯಂಕ. ಆರೋಗ್ಯ, ಪೌಷ್ಟಿಕತೆಗೆ 30 ಅಂಕ, ಶಿಕ್ಷಣಕ್ಕೆ 30, ಕೃಷಿ, ನೀರಿಗೆ 20, ಉಳಿದವಕ್ಕೆ ಹತ್ತತ್ತು. ಅಂಕ ಇರುವ ಕೆಲಸಕ್ಕೆ ಸಭೆ ಆಗುತ್ತೆ, ಫೋಟೊ ಬರುತ್ತೆ. ಇದರಿಂದ ಅಂಗನವಾಡಿ, ಹೆರಿಗೆ ವಾರ್ಡ್‌ಗಳ ಕಡೆ ಅಧಿಕಾರಿಗಳ ಕಣ್ಣು ಬಿತ್ತು, ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯ ದೊಡ್ಡ ಗಾಯ ಗುಳೆ. ಬೆಂಗಳೂರು, ಪುಣೆ, ಮುಂಬೈಗೆ ಮಂದಿ ಮನೆ ಬಾಗಿಲು ಹಾಕಿ ಹೋಗ್ತಾರೆ. ಗುಳೆಗೆ ಅಂತ ಆ 49ರಲ್ಲಿ ಒಂದು ಸಾಲೂ ಇಲ್ಲ. ಲೆಕ್ಕದಲ್ಲಿ ಇಲ್ಲದ್ದು ಸರ್ಕಾರದ ಕಣ್ಣಿಗೂ ಇಲ್ಲ.

ಅದಕ್ಕೇ ಹೇಳೋದು, ನೀತಿ ಅನ್ನೋದು ಸದನದ ಭಾಷಣದಲ್ಲಿ ಮಾತ್ರ ಹುಟ್ಟಲ್ಲ. ಏನನ್ನು ಅಳೆಯಬೇಕು, ಯಾವ ಪದ ಬರೆಯಬೇಕು ಅಂತ ಟಿಪ್ಪಣಿ ಹಾಕುವ ಕೈಯಲ್ಲಿ ಅರ್ಧ ನೀತಿ ಇರುತ್ತೆ. ಅಧಿಕಾರಿಗಳೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಪರಿಶೀಲನೆ ಇಲ್ಲದಿದ್ದರೆ ಬಲ ಇದ್ದ ಜಾತಿಗಳೇ ನುಗ್ಗಿ, ನಿಜವಾದ ಬುಡಕಟ್ಟಿನವರು ಹೊರಗೆ ನಿಲ್ಲಬೇಕಾಗ್ತಿತ್ತು. ಪೂಜಾರಿ ಬೇಕು. ಆದರೆ ಬಾಗಿಲು ಯಾಕೆ ಮುಚ್ಚಿದೆ ಅಂತ ಹೊರಗೆ ಬೋರ್ಡ್ ಹಾಕಬೇಕು ತಾನೇ?

ನನ್ನ ಬೇಡಿಕೆ ಮೂರೇ. ರಿಜಿಸ್ಟ್ರಾರ್ ಜನರಲ್ ಒಪ್ಪದಿದ್ದರೆ ಕಾರಣವನ್ನು ಕನ್ನಡದಲ್ಲಿ ಜನರ ಮುಂದೆ ಇಡಲಿ. ಪ್ರತಿ ಮೇಜಿಗೂ ಇಷ್ಟು ತಿಂಗಳು ಅಂತ ಗಡುವು ಇರಲಿ. ಹೊಸ ಹೆಸರು ಸೇರಿಸುವ ಮೊದಲು ಆ ಹೆಸರು ಯಾವ ಊರಲ್ಲಿ ಯಾರಿಗೆ ಅನ್ವಯ ಅಂತ ರಾಜ್ಯದ ಅಧ್ಯಯನ ಹಳ್ಳಿಗೆ ಬಂದು ಕೇಳಿ ಬರೆಯಲಿ. ತಳವಾರ ಅಂದರೆ ಯಾರು ಅಂತ ಶಹಾಪುರದ ಕಟ್ಟೆಯ ಮೇಲೆ ಕೂತ ಹತ್ತು ಜನರನ್ನು ಮೊದಲೇ ಕೇಳಿದ್ದರೆ ಈ ಜಗಳ ಅರ್ಧ ಕಡಿಮೆ ಆಗ್ತಿತ್ತು.

ಚಹಾದಂಗಡಿಯ ಆ ಅಪ್ಪನಿಗೆ ಆವತ್ತು ನಾನು ಇಷ್ಟೇ ಹೇಳಿ ಬಂದಿದ್ದೆ: "ವಿಚಾರ್ಸಿ ಹೇಳ್ತೀನಿ ಯಜಮಾನ್ರೆ." ಅವರು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, "ಲಗೂನ ಹೇಳ್ರಿ ಸರ, ಇದೇ ತಿಂಗಳು ಅಡ್ಮಿಷನ್ ಅದ" ಅಂದರು.

ವಿಚಾರಿಸಿದ್ದು ಇಷ್ಟು. ಅಡ್ಮಿಷನ್ ಮಾತ್ರ ಯಾರಿಗೂ ಕಾಯಲ್ಲ.