ಒತ್ತಿದರೆ ಉಳಿಯಬೇಕು

ಅಥಣಿಯ ಚಪ್ಪಲಿಗೆ ಅಥಣಿಯ ಹೆಸರಿಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಚರ್ಮವನ್ನು ಕೊಯ್ದು, ಮೊಳೆ ಹೊಡೆಯದೆ ಚರ್ಮದ ಎಳೆಯಿಂದಲೇ ಹೊಲಿದ ಇಲ್ಲಿನ ಜೋಡು ಪೇಟೆಯಲ್ಲಿ ‘ಕೊಲ್ಹಾಪುರಿ’ ಆಗುತ್ತದೆ. ಜಿಐ ಟ್ಯಾಗ್ ಬಂದದ್ದೂ ಅದೇ ಹೆಸರಿಗೆ. ಮಹಾರಾಷ್ಟ್ರದ ನಾಲ್ಕು, ಅಥಣಿ ಇರುವ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದರಲ್ಲಿ ಜಂಟಿ ಹಕ್ಕು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದ್ದೇ ಚಪ್ಪಲಿ ತೋರಿಸಿ ಟೀಕೆಗೆ ಗುರಿಯಾದಾಗಲೂ ಎದ್ದು ಕೇಳಿಸಿದ್ದು ಕೊಲ್ಹಾಪುರವೇ. ಟ್ಯಾಗಿನಿಂದ ಸೀಮೆ ಗೊತ್ತಾದೀತು, ಹೊಲಿದ ಕೈ ಯಾವುದೆಂದು ಗೊತ್ತಾಗದು. ಆ ಕೆಲಸಕ್ಕೆ ಮಳಿಗೆಯದೇ ಗುರುತು ಬೇಕು.

ಅಥಣಿಯ ಕುಶಲಕರ್ಮಿಗಳ ಒಂದು ಕೂಟ ‘ಟೋ ಹೋಲ್ಡ್’ ಎಂದು ಹೆಸರಿಟ್ಟುಕೊಂಡಿತು. ಚಪ್ಪಲಿಯ ಉಂಗುರ ಹೆಬ್ಬೆರಳನ್ನು ಹಿಡಿಯುತ್ತದಲ್ಲ, ಅದೂ ಆಯಿತು. ಕಾಲೂರಲು ಸಿಕ್ಕ ಜಾಗ ಎಂಬ ಅರ್ಥವೂ ಆಯಿತು. ಅರ್ಧ ಲೋಗೊ ಹೆಸರಲ್ಲೇ ಮುಗಿದಿದೆ!

ಉಳಿದರ್ಧ ಕಷ್ಟದ್ದು. ಕಂಪ್ಯೂಟರಿನ ಪರದೆಯ ಮೇಲೆ ಎಂಟು ಬಣ್ಣದಲ್ಲಿ ಹೊಳೆಯುವ ಚಿತ್ರವನ್ನು ಚರ್ಮಕ್ಕೆ ಒತ್ತಿ ನೋಡಿ. ಬಣ್ಣವೆಲ್ಲ ಹೋಗಿ ತಗ್ಗು–ಉಬ್ಬು ಮಾತ್ರ ಉಳಿಯುತ್ತದೆ. ಕೂದಲೆಳೆಯ ಗೆರೆ ಮೂಡುವುದೇ ಇಲ್ಲ. ಹಾಗಾಗಿ ಲೋಗೊ ಮಾಡಿಸುವವರು ಮೊದಲು ಕಪ್ಪು ಶಾಯಿಯಲ್ಲಿ, ಎಂಟಾಣೆ ನಾಣ್ಯದಷ್ಟು ಅಗಲದಲ್ಲಿ ಬರೆಸಿ ನೋಡಬೇಕು. ಅಲ್ಲಿ ಗೆದ್ದದ್ದು ಬೋರ್ಡಿನ ಮೇಲೂ ಗೆಲ್ಲುತ್ತದೆ.

ಅಕ್ಷರದ ತಕರಾರು ಬೇರೆಯೇ ಇದೆ. ಸುತ್ತಲಿನ ಊರುಗಳ ಹೆಸರನ್ನೇ ನೋಡಿ: ‘ರಾಯಬಾಗ’, ‘ಕಾಗವಾಡ’ ಒಂದೇ ಸಾಲಿನಲ್ಲಿ ಸುಮ್ಮನೆ ಕೂರುತ್ತವೆ. ‘ಚಿಕ್ಕೋಡಿ’, ‘ನಿಪ್ಪಾಣಿ’ಗೆ ಕೆಳಗೆ ಒತ್ತು ಇಳಿಯುತ್ತದೆ, ಚಿಕ್ಕದು ಮಾಡಿದರೆ ಮೊದಲು ಕೆಡುವುದು ಆ ಒತ್ತೇ. ‘ಅಥಣಿ’ಯದು ಇನ್ನೂ ಸೂಕ್ಷ್ಮ: ಥಕಾರದ ಹೊಟ್ಟೆಯ ಚುಕ್ಕೆ ಶಾಯಿಯಲ್ಲಿ ಮುಳುಗಿದರೆ ಊರು ‘ಅದಣಿ’ ಆಗುತ್ತದೆ. ಗಡಿಯ ಗಿರಾಕಿಗಾಗಿ ಪಕ್ಕದಲ್ಲೇ ಮರಾಠಿಯನ್ನೂ ಬರೆಸಿದರೆ, ಶಿರೋರೇಖೆಯಿಂದ ಜೋತುಬಿದ್ದ ದೇವನಾಗರಿಯ ಎದುರು ನಮ್ಮ ದುಂಡಕ್ಷರ ಕುಳ್ಳಾಗಿ ಕಾಣಬಹುದು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿಯೂ ಇದೆ. ಕನ್ನಡವನ್ನು ಮೊದಲು ಕೂರಿಸಿ, ಆಮೇಲೆ ಉಳಿದದ್ದನ್ನು ಹೊಂದಿಸುವುದೇ ಜಾಣತನ. ಇಂಗ್ಲಿಷಿನಲ್ಲಿ ಮಾಡಿ ಕನ್ನಡವನ್ನು ಮೂಲೆಗೆ ತುರುಕಿದ ಬೋರ್ಡುಗಳನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಓದು ಬಾರದವರಿಗೂ ಗುರುತು ಸಿಗಬೇಕೆಂಬುದು ಬೀಡಿಯವರಿಗೆ ಹಿಂದೆಯೇ ಗೊತ್ತಿತ್ತು. ಬೀಡಿ ತಂಬಾಕಿಗೆ ನಿಪ್ಪಾಣಿ ಹೆಸರುವಾಸಿ. ಅದನ್ನು ಸುತ್ತಿದ ಕಟ್ಟುಗಳ ಮೇಲೆ ದೇವರು, ಪ್ರಾಣಿ, ಅಂಕಿ ಬಂದದ್ದು ಅಂದಕ್ಕೆಂದಲ್ಲ. ಮಂಗಳೂರಿನ ಗಣೇಶ ಬೀಡಿಯ ಕಟ್ಟಿನ ಮೇಲಿನ ಗಣೇಶನನ್ನು ಓದಬೇಕಾಗಿಯೇ ಇಲ್ಲ. ಈಗ ತಂಬಾಕು ಪೊಟ್ಟಣದ ಶೇ 85 ಭಾಗ ಆರೋಗ್ಯದ ಎಚ್ಚರಿಕೆಗೇ ಮೀಸಲು, ಅದು ಸರಿಯೇ. ಉಳಿದ ಚೂರಿನಲ್ಲಿ ಲೋಗೊ ಬದುಕಬೇಕು.

ಮಾಡಿಸಿದ ಮೇಲೆ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿ. ಸಣ್ಣ ಉದ್ಯಮಕ್ಕೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ಮುಂದೆ ನವೀಕರಣ. ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಹಾಕಿಕೊಳ್ಳುವುದು ಅಪರಾಧ.

ಇನ್ನು ಚಪ್ಪಲಿಯ ಮುದ್ರೆಯನ್ನು ಎಲ್ಲಿ ಒತ್ತುವುದು? ಹಿಮ್ಮಡಿ ಊರುವಲ್ಲಿ ಒತ್ತಿದರೆ ಕೊಳ್ಳುವಾಗ ಚೆನ್ನಾಗಿ ಕಾಣುತ್ತದೆ, ಆದರೆ ಮೊದಲು ಸವೆಯುವುದೂ ಅದೇ. ಕಮಾನಿನ ಕೆಳಗೆ, ಪಾದ ಅಷ್ಟಾಗಿ ತಾಗದ ಕಡೆ ಒತ್ತಿದರೆ ಹಳೇ ಜೋಡನ್ನು ಕೈಯಲ್ಲಿ ಹಿಡಿದು ಬಂದ ಗಿರಾಕಿ ಬೆರಳಿಟ್ಟು ತೋರಿಸಬಹುದು: ಇಂಥದ್ದೇ ಕೊಡಿ.