ಹಿತ್ತಲ ಬೇಲಿ: ಯಾವುದಕ್ಕೆ ಅಪ್ಪಣೆ, ಯಾವುದಕ್ಕೆ ತಡೆ

ಮನೆಯ ಹಿತ್ತಲಿಗೆ, ಊರ ಪಕ್ಕದ ತೋಟಕ್ಕೆ ಬೇಲಿ ಹಾಕುವಾಗ ರೈತರು ಸಾಮಾನ್ಯವಾಗಿ ಖರ್ಚನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಕಾನೂನು ನೆನಪಾಗುವುದು ನೆರೆಯವರೊಡನೆ ತಕರಾರು ಎದ್ದ ಮೇಲೆ.

ಮೊದಲು ಗಡಿ ಖಚಿತವಾಗಬೇಕು. ಸರ್ವೆ ಜಮೀನಿನ ಬಾಂದು ಕಲ್ಲುಗಳನ್ನು ಕಾಪಾಡುವ ಹೊಣೆ 1964ರ ಭೂಕಂದಾಯ ಅಧಿನಿಯಮದಂತೆ ಹಿಡುವಳಿದಾರನದೇ. ಕಲ್ಲು ಕಾಣದಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸುವುದು ಲೇಸು. ಬೀದಿಯ ಕಡೆಗೆ ಒಂದು ಮೊಳ ಸರಿದ ಬೇಲಿಯೂ ಒತ್ತುವರಿಯೇ. ಅದನ್ನು ತೆಗೆಸುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಬೇಲಿ ಕಳ್ಳಿಯದೋ ಕಲ್ಲುಚಪ್ಪಡಿಯದೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಜೀವಂತ ಬೇಲಿಗೆ ಗೊಬ್ಬರದ ಗಿಡ ಮತ್ತು ಹಾಲವಾಣ ಉತ್ತಮ. ಮುಂಗಾರು ಹಿಡಿದೊಡನೆ ಬಲಿತ ಗೂಟಗಳನ್ನು ನೆಟ್ಟರೆ ಸುಲಭವಾಗಿ ಚಿಗುರುತ್ತವೆ. ಸವರಿದ ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರವಾಗುತ್ತದೆ. ಇನ್ನೊಂದು ಅನುಕೂಲವನ್ನು ಹಲವರು ಗಮನಿಸಿಲ್ಲ. 1976ರ ಮರಗಳ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಜಮೀನಿನಲ್ಲಿಯೂ ಅನೇಕ ಜಾತಿಯ ಮರಗಳನ್ನು ಕಡಿಯಲು ಅಪ್ಪಣೆ ಬೇಕು. ಈ ಎರಡಕ್ಕೂ ಅದರಿಂದ ವಿನಾಯಿತಿ ಇದೆ. ಲಂಟಾನವನ್ನು ಮಾತ್ರ ಹಚ್ಚಬಾರದು. ಅದರ ಎಲೆ ತಿಂದ ದನಗಳ ಪಿತ್ತಜನಕಾಂಗ ಕೆಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಈ ಗಿಡಕ್ಕೆ ಅಕ್ಷರಶಃ ಸಲ್ಲುತ್ತದೆ.

ಎಲ್ಲಕ್ಕಿಂತ ಅಪಾಯದ ಬೇಲಿ ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟನ್ನು ನೇರವಾಗಿ ತಂತಿಗೆ ಹಾಯಿಸಿದ್ದು. ಹಂದಿಗೆಂದು ಕಟ್ಟಿದ ತಂತಿಯನ್ನು ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವರು ತುಳಿಯುತ್ತಾರೆ. ಲೈನಿನ ಕರೆಂಟು ಎಡೆಬಿಡದೆ ಹರಿಯುವುದರಿಂದ ಸ್ನಾಯು ಬಿಗಿದು, ಹಿಡಿದ ಕೈ ಬಿಡುವುದಿಲ್ಲ. ನೆಲ ಒದ್ದೆಯಾಗಿದ್ದರಂತೂ ಸಾವು ಖಂಡಿತವೆನ್ನಬಹುದು. ಪರವಾನಗಿಯಿಲ್ಲದೆ ಕರೆಂಟು ಎಳೆಯುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದಂತೆ ಕಳ್ಳತನ. ಜೀವ ಹೋದರೆ ಕ್ರಿಮಿನಲ್ ಮೊಕದ್ದಮೆ ಬೇರೆ. ಆನೆ ಸತ್ತರೆ 1972ರ ವನ್ಯಜೀವಿ ಅಧಿನಿಯಮವೂ ಅನ್ವಯಿಸುತ್ತದೆ.

ಸೋಲಾರ್ ಬೇಲಿಯ ರೀತಿಯೇ ಬೇರೆ. ಬ್ಯಾಟರಿಯಿಂದ ನಡೆಯುವ ಯಂತ್ರ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಿಲ್ಲದಂತೆ ಮಿಡಿತಗಳನ್ನು ಕಳುಹಿಸುತ್ತದೆ. ಒಂದೊಂದು ಮಿಡಿತದ ಅವಧಿ ಸೆಕೆಂಡಿನ ನೂರರಲ್ಲಿ ಒಂದು ಭಾಗವನ್ನು ಮೀರುವುದಿಲ್ಲ. ನಡುವಣ ಬಿಡುವಿನಲ್ಲಿ ಪ್ರಾಣಿಯಾಗಲಿ ಮನುಷ್ಯನಾಗಲಿ ಹಿಂದೆ ಸರಿಯಬಹುದು. ಆದರೆ ಇದನ್ನು ಮುಳ್ಳುತಂತಿಗೆ ಜೋಡಿಸಬಾರದು, ಸಿಕ್ಕಿಕೊಂಡವನು ಬಿಡಿಸಿಕೊಳ್ಳಲಾರ. ದಾರಿಯ ಬದಿಯಲ್ಲಿ ಎಚ್ಚರಿಕೆಯ ಫಲಕ ತೂಗುಹಾಕಬೇಕು. ತಂತಿಗೆ ತಾಗುವ ಹುಲ್ಲನ್ನು ಆಗಾಗ ಕೊಯ್ಯಬೇಕು, ಇಲ್ಲವಾದರೆ ಶಕ್ತಿಯೆಲ್ಲ ನೆಲಕ್ಕೆ ಸೋರಿಹೋಗುತ್ತದೆ.